ಹೊದಿಕೆಯ ಕೆಳಗಿನ ಕೈ

ಕಲಬುರಗಿ

ನನ್ನನ್ನು ಡೆನ್ಮಾರ್ಕಿಗೆ ಕರೆಸಿಕೊಂಡದ್ದು ಜಗಳವಾಡಲಿಕ್ಕೆ. ಫೋನಿನಲ್ಲಿ ಭಾಗ್ಯಕ್ಕ ಅದನ್ನು ಮುಚ್ಚಿಡಲೂ ಇಲ್ಲ.

“ನೀಲಾ, ಅಪ್ಪಾಜಿ ಗಂಟಲಿಗಿ ತೂತು ಹಾಕ್ಯಾರ. ಮಷೀನ್ ಉಸಿರ ಕೊಡಾಕತ್ತದ. ಅಂಥಾ ಮನಷ್ಯಾನ್ನ ಹಿಡಕೊಂಡು ದಿನಾ ಎಬ್ಬಿಸಿ ಕೂಡಸ್ತಾರ! ನಾ ಹಸಿ ಬಾಣಂತಿ, ದವಾಖಾನಿಯಾಗ ಎಷ್ಟೊತ್ತು ನಿಂದರ್ಲಿ? ನೀ ಬಾ. ನೀ ಕೇಳಿದ್ರ ಜವಾಬು ಕೊಡ್ತಾರ.”

ಭಾಗ್ಯಕ್ಕ ನನ್ನ ಕಾಕಾನ ಮಗಳು. ಡೆನ್ಮಾರ್ಕಿನ ಒಂದು ಬಂದರು ಪಟ್ಟಣದಲ್ಲಿ ಬೇಳೆಕಾಳುಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಅವಳ ಬಾಣಂತನಕ್ಕೆಂದು ಕಾಕಾ ಮತ್ತು ಕಾಕು ಕಮಲಾಪುರದಿಂದ ಅಂಟಿನ ಉಂಡಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದರು. ಕೂಸು ಹುಟ್ಟಿದ ವಾರದಲ್ಲೇ ಕಾಕಾನಿಗೆ ನ್ಯುಮೋನಿಯಾ ಆಯಿತು, ಮರುದಿನ ಐಸಿಯು. ಮೂವತ್ತು ವರ್ಷ ಹುಮನಾಬಾದ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತೇ ಬದುಕು ಕಳೆದ ಮನುಷ್ಯ ಪರದೇಶದಲ್ಲಿ ಮಲಗಿಬಿಟ್ಟರು.

ಜಗಳಕ್ಕೆ ನನ್ನನ್ನೇ ಆರಿಸಲು ಕಾರಣವಿತ್ತು. ಎರಡು ವರ್ಷಗಳ ಹಿಂದೆ ನನ್ನ ಅವ್ವ ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಇಪ್ಪತ್ತಾರು ದಿನ ಮಲಗಿದ್ದಳು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಪೆಟ್ಟು ಬಿದ್ದಿರಲಿಲ್ಲ, ಲಕ್ವಾ ಹೊಡೆದಿರಲಿಲ್ಲ. ಮಲಗಿ ಮಲಗಿಯೇ ಅವಳ ತೊಡೆಯ ಸ್ನಾಯು ಕರಗಿತ್ತು. ಕೇಳಿದ್ದಕ್ಕೆ ದೊಡ್ಡ ಡಾಕ್ಟರು, “ಜೀವಂತ ಮನಿಗಿ ಕಳಿಸೀವಲ್ಲ, ಮತ್ತೇನ್ ಬೇಕ್ರೀ?” ಎಂದಿದ್ದರು. ಮತ್ತೇನು ಬೇಕೆಂಬುದನ್ನು ನಾನು ಹದಿನಾಲ್ಕು ಪುಟಗಳ ದೂರಾಗಿ ಬರೆದು ಜಿಲ್ಲಾ ಅಧಿಕಾರಿಗಳಿಗೆ ಕೊಟ್ಟೆ. ಹತ್ತು ಹಾಸಿಗೆಗೆ ಒಬ್ಬಳೇ ನರ್ಸು ಏಕೆ, ಅವ್ವನ ಕೈಗಳನ್ನು ಮಂಚದ ಕಂಬಿಗೆ ಕಟ್ಟಿದ್ದೇಕೆ, ನನ್ನ ತಾಯಿಯ ಕಾಲುಗಳಿಗೆ ಹೊಣೆ ಯಾರು? ದೂರು ಇಂದಿಗೂ ವಿಚಾರಣೆಯಲ್ಲಿದೆ. ಅಂದರೆ ಒಂದು ಕಪಾಟಿನಲ್ಲಿದೆ.

ಸ್ಟೇಶನ್ ಬಜಾರದಲ್ಲಿ ಆಟೋ ಇಳಿದು ಹೈದರಾಬಾದಿನ ರೈಲು ಕಾಯುತ್ತಿರುವಾಗಲೇ ಗೊಂದಲ ಹತ್ತಿಕೊಂಡಿತು. ಅವ್ವನನ್ನು ಯಾರೂ ಎಬ್ಬಿಸಲಿಲ್ಲವೆಂದು ಸಿಟ್ಟು. ಕಾಕಾನನ್ನು ಎಬ್ಬಿಸುತ್ತಿದ್ದಾರೆಂದು ಸಿಟ್ಟು. ಎರಡೂ ಒಂದೇ ತಲೆಯಲ್ಲಿ ಹೇಗೆ ಕೂತಿವೆಯೆಂದು ನನ್ನನ್ನೇ ಕೇಳಿಕೊಂಡೆ. ರೈಲು ಬಂತು. ಒಂದು ಮಾತ್ರ ಖಚಿತವಿತ್ತು: ನಮ್ಮ ಮನೆಯಲ್ಲಿ ಇನ್ನೊಬ್ಬರು ಹಾಸಿಗೆ ಹಿಡಿಯಕೂಡದು.

ಬಂದರಿನ ಊರು, ಮೊದಲ ದಿನ

ಭಾಗ್ಯಕ್ಕನ ಮನೆಯ ಬಾಗಿಲಲ್ಲಿ ಕಾಕು ನನ್ನ ಕೊರಳಿಗೆ ಬಿದ್ದು ಅತ್ತರು. ಆಮೇಲೆ ಕೈಹಿಡಿದು ನೇರ ಹಿತ್ತಲಿಗೆ ಕರೆದೊಯ್ದರು. ಅಲ್ಲಿ, ಉಸಿರು ಹೊಗೆಯಾಗಿ ಕಾಣುವಂಥ ಚಳಿಯಲ್ಲಿ, ತಳ್ಳುಗಾಡಿಯೊಳಗೆ ಮೂರು ವಾರದ ಕೂಸು ಮೂಗು ಕೆಂಪಗೆ ಮಾಡಿಕೊಂಡು ನಿದ್ದೆ ಹೋಗಿತ್ತು. ಮನೆಗೆ ಬರುವ ಸರ್ಕಾರಿ ದಾದಿಯೇ ಹೀಗೆ ಮಲಗಿಸಲು ಹೇಳಿಹೋಗಿದ್ದಳಂತೆ. ಇಲ್ಲಿನ ಕೂಸುಗಳೆಲ್ಲ ಹಗಲು ಹೊರಗೇ ಮಲಗುತ್ತವಂತೆ.

“ಏನ್ ದೇಶನೋ ಎವ್ವಾ! ಬಾಣಂತಿ ಹಡದ ದಿನಾನೇ ತಿರಗಾಡ್ಸಿದ್ರು. ಕೂಸಿನ್ನ ಥಂಡ್ಯಾಗ ಹೊರಗ ಮಲಗಸ್ತಾರ. ಸಾಯಾಕ ಬಿದ್ದೋರ್ನ ಎಬ್ಬಿಸಿ ಕೂಡಸ್ತಾರ. ಎಲ್ಲಾ ಉಲ್ಟಾ ಅದ ನೋಡು.”

ಈ ಉಲ್ಟಾ ದೇಶದ ಬಸ್ಸಿನಲ್ಲಿ ಯಾರೂ ಯಾರೊಂದಿಗೂ ಮಾತಾಡಲಿಲ್ಲ. ಆಸ್ಪತ್ರೆಗೆ ಎಲ್ಲಿ ಇಳಿಯಬೇಕೆಂದು ನಾನು ಪಕ್ಕದವರನ್ನು ಕೇಳಿದಾಗ ಆಕೆ ಉತ್ತರ ಕೊಟ್ಟು, ಕಳ್ಳತನ ಮಾಡಿದವಳಂತೆ ಕಿಟಕಿಯತ್ತ ತಿರುಗಿದರು. ಆದರೆ ಐಸಿಯುನ ಬಾಗಿಲು ತೆರೆದೇ ಇತ್ತು. ಕಲಬುರಗಿಯಲ್ಲಿ ಹತ್ತು ನಿಮಿಷದ ಭೇಟಿಗಾಗಿ ನಾವು ವೆರಾಂಡಾದಲ್ಲಿ ಚಾಪೆ ಹಾಸಿ ಕಾವಲುಗಾರನ ಮುಖ ನೋಡುತ್ತ ಕೂರುತ್ತಿದ್ದೆವು. ಇಲ್ಲಿ ಹೆನ್ರಿಕ್ ಎಂಬ ಎತ್ತರದ ನರ್ಸು ನನಗೊಂದು ಆರಾಮ ಕುರ್ಚಿ ತಂದಿಟ್ಟು, ಎಷ್ಟು ಹೊತ್ತು ಬೇಕಾದರೂ ಇರಬಹುದೆಂದ. ಕಾಕಾ ಒಬ್ಬರಿಗೇ ಅವನು ನರ್ಸು. ದೂರಿನ ಮೊದಲ ಪುಟ ನೆನಪಾಯಿತು.

ಕಾಕಾ ಎಚ್ಚರವಿದ್ದರು! ನಾನು ಬಲ್ಲ ಐಸಿಯುನಲ್ಲಿ ರೋಗಿಗೆ ಎಚ್ಚರ ಇರುವುದಿಲ್ಲ. ಇವರು ಕಣ್ಣು ಬಿಟ್ಟು, ಗಂಟಲ ನಳಿಕೆಯಿಂದ ಮಾತು ಹೊರಡದೆ, ಎದೆಯ ಮೇಲಿನ ಬಿಳಿ ಹಲಗೆಯಲ್ಲಿ ಬರೆದರು: “ಊಟ ಮಾಡಿಯೇನು?” ನನಗೆ ಅಳು ಬಂತು. ಕಣ್ಣೊರೆಸಿಕೊಳ್ಳುತ್ತ ದೀಪ ಸಣ್ಣದು ಮಾಡೋಣವೆಂದು ಗೋಡೆಯ ಗುಂಡಿಯೊಂದನ್ನು ಒತ್ತಿದೆ. ಗಂಟೆ ಬಾರಿಸಿತು, ನಾಲ್ಕು ಜನ ಓಡಿಬಂದರು. ಅದು ಹೃದಯ ನಿಂತಾಗ ಒತ್ತುವ ಗುಂಡಿಯಾಗಿತ್ತು. ಯಾರೂ ಬೈಯಲಿಲ್ಲ. ಕಾಕಾ ಹಲಗೆ ಎತ್ತಿದರು: “ಬಂದ ಕೂಡ್ಲೆ ಸುರು ಮಾಡಿದಿ.”

ಎರಡನೆಯ ದಿನ

ಕಿರ್ಸ್ಟನ್ ಎಂಬ ಫಿಜಿಯೋಥೆರಪಿಸ್ಟ್ ಬೆಳಿಗ್ಗೆ ಬಂದಳು. ಐವತ್ತರ ಹೆಂಗಸು, ಗಂಡಸಿನಂಥ ಮುಂಗೈ. ನಾನು ಸಿದ್ಧಪಡಿಸಿಕೊಂಡು ಬಂದಿದ್ದ ಪ್ರಶ್ನೆಗಳನ್ನು ಸುರಿದೆ. ಯಾರ ಆದೇಶ? ಏನಾದರೂ ಆದರೆ ಯಾರು ಹೊಣೆ?

ಅವಳು ಕುರ್ಚಿ ಎಳೆದುಕೊಂಡು ಕೂತು ಉತ್ತರಿಸಿದಳು. ಹೀಗೆ ಕಾಯಿಲೆ ಬಿದ್ದ ದೇಹ ಮಲಗಿದಲ್ಲೇ ತನ್ನ ಸ್ನಾಯುವನ್ನು ತಾನೇ ತಿನ್ನುತ್ತದೆ, ದಿನ ದಿನಕ್ಕೆ. ಆದ್ದರಿಂದ ರಕ್ತದೊತ್ತಡ, ಉಸಿರು ತಡೆದುಕೊಳ್ಳುವಂತಾದ ಕೂಡಲೇ, ಯಂತ್ರದ ಮೇಲಿರುವಾಗಲೇ, ಸ್ವಲ್ಪ ಸ್ವಲ್ಪ ಕೆಲಸ ಕೊಡುತ್ತೇವೆ: ಮೊದಲು ಹಾಸಿಗೆಯಲ್ಲಿ ಕೈಕಾಲು, ಆಮೇಲೆ ಅಂಚಿನಲ್ಲಿ ಕೂರುವುದು, ಆಮೇಲೆ ನಿಲ್ಲುವುದು. ಎಷ್ಟು ಕೊಡಬೇಕೆಂದು ತಿಳಿಯಲು ಪ್ರತಿದಿನ ಬಲ ಅಳೆಯುತ್ತೇವೆ. “ಅವರು ಮಾಡುವುದನ್ನು ನೋಡಿಯೇ ನಾನು ಮುಂದಿನದನ್ನು ನಿರ್ಧರಿಸುತ್ತೇನೆ,” ಎಂದಳು.

ನನ್ನ ಕೈಯಲ್ಲಿ ಜಗಳ ಉಳಿಯಲಿಲ್ಲ. ಉಳಿದದ್ದು ಒಂದೇ, ಅದನ್ನೂ ಬಿಡಬಾರದೆಂದು ಹಿಡಿದೆ. ಕಾಲಿನ ಬಲ ಅಳೆಯಲು ಅವಳು ಹೊದಿಕೆ ಸರಿಸಲು ಬಂದಾಗ ತಡೆದೆ. ಕಾಕಾ ಉಟ್ಟಿದ್ದುದು ಮೊಳಕಾಲೂ ಮುಚ್ಚದ ಆಸ್ಪತ್ರೆಯ ಅಂಗಿ. ಸ್ವಂತ ಮಗಳಂತೆ ನನ್ನನ್ನು ಎತ್ತಿ ಆಡಿಸಿದ ಹಿರಿಯರು, ಎದುರಿಗೆ ಪರ ಹೆಂಗಸು. “ನಮ್ಮಲ್ಲಿ ಇದು ಸಲ್ಲದು,” ಎಂದೆ. ಕಿರ್ಸ್ಟನ್ ಕಾಕಾನ ಮುಖ ನೋಡಿದಳು. ಕಾಕಾ ನಾಚಿಕೆಯಿಂದ ಬೇಡವೆಂದು ತಲೆಯಾಡಿಸಿದರು. ಸರಿ, ಹೊದಿಕೆಯ ಮೇಲಿನಿಂದಲೇ ನೋಡುತ್ತೇನೆಂದು ಅವಳು ಒಪ್ಪಿದಳು. ಹೊದಿಕೆ ಜಾರದಂತೆ ಹಿಡಿಯಲು ನಾನು ಕಾಲ ಬಳಿ ನಿಂತೆ.

“ಬಲಗಾಲು ಎತ್ತಿ,” ಎಂದಳು. ನಾನು ಕನ್ನಡದಲ್ಲಿ ಹೇಳಿದೆ. ಕಾಕಾನ ಹಣೆಯಲ್ಲಿ ನರ ಉಬ್ಬಿತು, ತುಟಿ ಕಚ್ಚಿದರು. ಕಾಲು ಅಲುಗಲಿಲ್ಲ. ಓಡುವ ಬಸ್ಸಿನ ಮೆಟ್ಟಿಲಲ್ಲಿ ಒಂಟಿ ಕಾಲಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದ ಮನುಷ್ಯನ ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು.

ಆಗ ನನ್ನ ಕೈ ಹೊದಿಕೆಯ ಕೆಳಗೆ ಹೋಯಿತು. ಹಿಮ್ಮಡಿಯ ಕೆಳಗೆ ಅಂಗೈ ಇಟ್ಟು ಎತ್ತಿದೆ.

ಯೋಚಿಸಿ ಮಾಡಿದ್ದಲ್ಲ. ಕಲಬುರಗಿಯಲ್ಲಿ ನಮ್ಮ ಭೇಟಿಯ ಹೊತ್ತಿಗೇ ಡಾಕ್ಟರು ರೌಂಡ್ಸಿಗೆ ಬಂದಾಗ ಅವ್ವನ ತೋಳನ್ನು ನಾವೇ ಮೊಣಕೈ ಹಿಡಿದು ಎತ್ತಿ “ಎತ್ತಾಕತ್ತಾಳ್ರೀ ಸಾಹೇಬ್ರ” ಎಂದು ತೋರಿಸುತ್ತಿದ್ದೆವು. ಬಿಮಾರ್ ಬಿದ್ದವರಿಗೆ ಬೆರಳೂ ಎತ್ತಗೊಡದೆ ಎಲ್ಲವನ್ನೂ ಮಾಡಿಕೊಡುವುದು ನಮ್ಮಲ್ಲಿ ಸೇವೆ. ಡಾಕ್ಟರ ಬಾಯಿಂದ ‘ಸುಧಾರಿಸಿದ್ದಾರೆ’ ಎನ್ನಿಸುವುದೂ ಆ ಸೇವೆಯಲ್ಲೇ ಸೇರಿತ್ತು. ಕಾಲು ಏಳುವಾಗ ಕಾಕಾನ ಕಣ್ಣು ಅರಳಿತು. ಅವರ ಪಾದಗಳಿಗೆ ಜೋಮು ಹಿಡಿದಿತ್ತು. ನನ್ನ ಕೈ ಅವರಿಗೆ ತಿಳಿಯಲೇ ಇಲ್ಲ. ಕಿರ್ಸ್ಟನ್ ಹುಬ್ಬೇರಿಸಿ ಏನೋ ಬರೆದುಕೊಂಡಳು. ಆಮೇಲೆ ಕಾಕಾ ಹಲಗೆಯಲ್ಲಿ ಬರೆದರು: “ಎತ್ತಿದೆ ನೋಡು.”

“ಹೌದ್ರಿ ಕಾಕಾ. ಭಾರಿ ಎತ್ತಿದ್ರಿ,” ಎಂದೆ.

ಮೂರನೆಯ ದಿನವೂ ಅದನ್ನೇ ಮಾಡಿದೆ, ಎರಡೂ ಕಾಲಿಗೆ.

ನಾಲ್ಕನೆಯ ದಿನ

ನಿಲ್ಲಿಸೋಣವೆಂದು ಕಿರ್ಸ್ಟನ್ ತೀರ್ಮಾನಿಸಿದಳು. ಕಾಕಾನ ಸೊಂಟಕ್ಕೆ ಅಗಲ ಬೆಲ್ಟು, ಮುಂದೆ ಹಿಡಿಯಲು ಚೌಕಟ್ಟು, ಎಡಕ್ಕೆ ಅವಳು, ಬಲಕ್ಕೆ ಹೆನ್ರಿಕ್. ನನ್ನನ್ನು ದೂರ ನಿಲ್ಲಿಸಿದರು. ಮೂರು ಎಣಿಸಿ ಎತ್ತಿದರು. ಕಾಕಾ ಎದ್ದರು, ನನ್ನತ್ತ ನೋಡಿ ನಕ್ಕರು, ಮತ್ತು ಒದ್ದೆ ಬಟ್ಟೆ ಜಾರಿದಂತೆ ಕುಸಿದರು.

ಬೆಲ್ಟು ಹಿಡಿದಿದ್ದರಿಂದ ತಲೆ ನೆಲಕ್ಕೆ ಬಡಿಯಲಿಲ್ಲ. ಆದರೆ ಗಂಟಲ ನಳಿಕೆ ಜಗ್ಗಿತು, ಅಂಚಿನಲ್ಲಿ ರಕ್ತ ಒಸರಿತು, ಯಂತ್ರ ಕೂಗಿಕೊಂಡಿತು. ಮತ್ತೆ ಹಾಸಿಗೆಗೆ ಹಾಕುವಷ್ಟರಲ್ಲಿ ಕಾಕಾನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

ನಾನು ಕಿರುಚಿದೆ. ಹೊಣೆ ಯಾರು? ಹೆಸರು ಬರೆದುಕೊಡಿ! ಹೆನ್ರಿಕ್ ಒಂದು ನಮೂನೆ ತಂದುಕೊಟ್ಟ. ಇಂಥ ಘಟನೆಯಾದರೆ ಅವರು ತಾವೇ ವರದಿ ಮಾಡುವ ಪದ್ಧತಿಯಂತೆ, ಮನೆಯವರೂ ಬರೆಯಬಹುದಂತೆ. ಏನಾಯಿತು, ಹೇಗಾಯಿತು, ಮತ್ತೆ ಆಗದಂತೆ ಏನು ಮಾಡಬಹುದು? ಮೂರೇ ಪ್ರಶ್ನೆ. ತಪ್ಪಿತಸ್ಥರ ಹೆಸರಿಗೆ ಜಾಗವನ್ನು ಹುಡುಕಿದೆ, ಹಾಳೆ ತಿರುವಿ ನೋಡಿದೆ. ಇರಲಿಲ್ಲ. ಹೆಸರಿಲ್ಲದ ಹೊಣೆಗಾರಿಕೆ ಎಂಥದು? ಇದು ನ್ಯಾಯವೋ, ನುಣುಚಿಕೊಳ್ಳುವ ನಾಜೂಕು ದಾರಿಯೋ ನನಗೆ ಅರ್ಥವಾಗಲಿಲ್ಲ. ಇಂದಿಗೂ ಪೂರ್ತಿ ಅರ್ಥವಾಗಿಲ್ಲ.

ಕಿರ್ಸ್ಟನ್ ಕೈತೊಳೆಯುವ ತೊಟ್ಟಿಯ ಬಳಿ ನಿಂತಿದ್ದಳು. “ಅಂದಾಜು ತಪ್ಪಿದ್ದು ನಾನು,” ಎಂದಳು, ಯಾರೂ ಕೇಳದೆಯೇ. “ಆದರೆ ಹೇಗೆ ತಪ್ಪಿತು? ನಿನ್ನೆ ಅವರು ಎರಡೂ ಕಾಲು ಎತ್ತಿದರಲ್ಲ?”

ಅವಳು ನಿಜವಾಗಿ ಗೊಂದಲದಲ್ಲಿದ್ದಳು. ನಾನು ಖಾಲಿ ನಮೂನೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ದೊಡ್ಡವರ ಮೌನದ ವಿರುದ್ಧ ಹದಿನಾಲ್ಕು ಪುಟ ಬರೆದವಳು ನಾನು.

ಐದನೆಯ ದಿನ

ಕಾಕಾ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಕೂರಲು ಕರೆದರೆ ಕಣ್ಣು ಮುಚ್ಚುತ್ತಿದ್ದರು, ಹಲಗೆ ಮುಟ್ಟುತ್ತಿರಲಿಲ್ಲ. ಒಂದು ದಿನ ಬಿಡಬಹುದು, ಎರಡು ದಿನವೂ ಬಿಡಬಹುದು, ಆಮೇಲೆ ಕಳೆದುಕೊಂಡದ್ದನ್ನು ಗಳಿಸಲು ವಾರಗಳು ಬೇಕು ಎಂದು ಡಾಕ್ಟರಮ್ಮ ಹೇಳಿಹೋದಳು.

ಮಧ್ಯಾಹ್ನ ಆ ಕುರ್ಚಿಯಲ್ಲಿ ಕೂತಾಗ, ದೂರಿನಲ್ಲಿ ನಾನು ಬರೆಯದೆ ಬಿಟ್ಟದ್ದೊಂದು ಎದ್ದು ಬಂತು. ಕಲಬುರಗಿಯಲ್ಲಿ, ಅವ್ವನ ಒಂಬತ್ತನೆಯ ದಿನ, ರಿಜಿಸ್ಟರ್ ಹಿಡಿದ ಒಬ್ಬ ಫಿಜಿಯೋಥೆರಪಿಸ್ಟ್ ಹೆಂಗಸು ಬಂದಿದ್ದರು. “ಜರಾ ಕೂಡಿಸಿ ನೋಡೋಣ್ರೀ,” ಎಂದಿದ್ದರು. ನಾನು ಹಾರಿಬಿದ್ದಿದ್ದೆ: “ಉಸಿರಾಡಾಕ ಮಷೀನ್ ಬೇಕಾದೋರ್ನ ಕೂಡಸ್ತೀರೇನ್ರೀ? ಏನಾರ ಆದ್ರ ನೀವೇ ಹೊಣೆ ಅಂತ ಬರದು ಕೊಡ್ರಿ, ಆಮ್ಯಾಲ ಮುಟ್ರಿ.” ಆಕೆ ಬರೆದು ಕೊಡಲಿಲ್ಲ. ಮತ್ತೆ ಬರಲೂ ಇಲ್ಲ.

ಹೊಣೆ ಕೇಳುವುದೇ ನನ್ನ ಧರ್ಮವೆಂದು ನಂಬಿದ್ದೆ. ಕೇಳಿದ ರೀತಿಗೇ ಒಬ್ಬರ ಕಾಲು ಹೋಗಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಹಾಗೆಂದು ಆಸ್ಪತ್ರೆಯ ತಪ್ಪು ಅಳಿಸಿಹೋಯಿತೆ? ಆಕೆ ಮರುದಿನ ಮತ್ತೆ ಬರಬೇಕಿತ್ತು, ಕುರ್ಚಿ ಎಳೆದುಕೊಂಡು ಕೂತು ವಿವರಿಸಬೇಕಿತ್ತು. ಅಷ್ಟು ಸಮಯ ಆಕೆಗೆ ಯಾರೂ ಕೊಟ್ಟಿರಲಿಲ್ಲ. ಯೋಚಿಸಿದಷ್ಟೂ ಗಂಟು ಬಿಗಿಯುತ್ತಿತ್ತು.

ಹೊದಿಕೆಯ ಕೆಳಗೆ ನಾನು ಕೈಯಿಟ್ಟು ಎತ್ತಿದ್ದನ್ನು ಮೊದಲು ಕಿರ್ಸ್ಟನ್‌ಗೆ ಹೇಳಿದೆ. ಅವಳ ಮುಖ ಕೆಂಪಾಯಿತು. “ನನಗೆ ಸಿಟ್ಟು ಬಂದಿದೆ. ಐದು ನಿಮಿಷ ಬೇಕು,” ಎಂದು ಹೊರಗೆ ಹೋದಳು. ಗಡಿಯಾರ ನೋಡಿದೆ; ಐದೇ ನಿಮಿಷಕ್ಕೆ ಬಂದಳು. “ಹೊದಿಕೆಗೆ ಒಪ್ಪಿದ್ದು ನನ್ನ ತಪ್ಪು, ಅದನ್ನು ನಾನು ಬರೆಯುತ್ತೇನೆ. ಕೈಯದು ನೀನು ಬರೆ. ಈಗ ಅವರ ಬಲ ಎಷ್ಟೆಂದು ನಿಜ ಗೊತ್ತಾಯಿತು, ಅಲ್ಲಿಂದ ಶುರು ಮಾಡೋಣ. ಆದರೆ ಅವರಿಗೆ ಹೇಳಬೇಕಾದವಳು ನೀನು.”

ಕಾಕಾನ ಮಂಚದ ಆಚೆ ಬದಿಗೆ ಹೋಗಿ, ಗೋಡೆಗೂ ಅವರ ಮುಖಕ್ಕೂ ನಡುವೆ ಕುಕ್ಕರಗಾಲಲ್ಲಿ ಕೂತು ಹೇಳಿದೆ. ಅವರು ಕೈ ಚಾಚಿದರು. ಹಲಗೆ ಕೇಳಿದರು.

“ಎತ್ತಿದ್ದು ನಾ ಅಲ್ಲಾ?”

“ಅಲ್ರಿ ಕಾಕಾ.”

“ಎರಡೂ ದಿನ?”

“ಎರಡೂ ದಿನ.”

ಅವರು ಬರೆದದ್ದನ್ನು ಅಂಗೈಯಿಂದ ಒರೆಸಿದರು. ಕಾಲು ಸೋತದ್ದಕ್ಕಿಂತ ಇದು ಅವರನ್ನು ಹೆಚ್ಚು ಸೋಲಿಸಿತೆಂದು ಕಂಡಿತು. ನಾನು ಅಲ್ಲೇ ಕೂತೆ, ಮೊಣಕಾಲು ನೋಯತೊಡಗಿತು. ಅವರು ಮತ್ತೆ ಬರೆದರು, ಓರೆಕೋರೆ ದೊಡ್ಡ ಅಕ್ಷರಗಳಲ್ಲಿ: “ಚಾದರ ತಗಿ. ನೀ ಹೊರಗ ನಡಿ. ಆಕಿನ್ನ ಕರಿ.”

ಬೋಗಸ್ ಪಾಸಿನ ಪ್ರಯಾಣಿಕರನ್ನು ನಡುದಾರಿಯಲ್ಲಿ ಇಳಿಸುತ್ತಿದ್ದ ಮುಖವೇ ಅದು. ನಾನು ಇಳಿದೆ.

ಹತ್ತೊಂಬತ್ತನೆಯ ದಿನ

ಎರಡು ವಾರ ಬೆಳಗಿನ ಹೊತ್ತು ನಾನು ಮೊಗಸಾಲೆಯಲ್ಲೇ ಕೂತೆ. ಗಾಜಿನ ಬಾಗಿಲಿಗೆ ಪರದೆ. ಒಳಗಿನಿಂದ ಕಿರ್ಸ್ಟನ್‌ಳ ಎಣಿಕೆ ಕೇಳುತ್ತಿತ್ತು. ಒಂದು ದಿನ ಆ ಎಣಿಕೆ ಕನ್ನಡಕ್ಕೆ ತಿರುಗಿತು, “ವಂದು, ಯೆರಡು”. ಕಾಕಾ ಬರೆದು ಕಲಿಸಿದ್ದರಂತೆ. ಒಂಬತ್ತರ ನಂತರ ಅವಳು ಹತ್ತು ಎನ್ನದೆ ಮತ್ತೆ ಎಂಟಕ್ಕೆ ಹೋಗುತ್ತಿದ್ದಳು. ಮೊದಮೊದಲು ಗೊತ್ತಾಗದೆ, ಆಮೇಲೆ ಕಾಕಾನಿಂದ ಇನ್ನೆರಡು ಹೆಚ್ಚು ಮಾಡಿಸಲು, ಗೊತ್ತಿದ್ದೇ.

ಹತ್ತೊಂಬತ್ತನೆಯ ದಿನ ಬಾಗಿಲು ತೆರೆಯಿತು. ಮೊದಲು ಚೌಕಟ್ಟಿನ ಗಾಲಿ, ಆಮೇಲೆ ಕಾಕಾ. ಹಿಂದೆ ಹೆನ್ರಿಕ್ ಉಸಿರಿನ ಯಂತ್ರವನ್ನು ತಳ್ಳಿಕೊಂಡು ಬರುತ್ತಿದ್ದ. ಅದರ ಹಿಂದೆ ಖಾಲಿ ಗಾಲಿಕುರ್ಚಿ. ಅಂಗಿಯ ಕೆಳಗೆ ಕಾಕಾನ ಕಾಲುಗಳು ಬರಿದಾಗಿದ್ದವು, ತೊಗರಿ ಕಟ್ಟಿಗೆಯಷ್ಟು ತೆಳ್ಳಗೆ, ಮತ್ತು ನಡುಗುತ್ತಿದ್ದವು. ನಾನು ಎದ್ದು ನಿಂತೆ. ಓಡಿಹೋಗಿ ಹಿಡಿಯಬೇಕೆಂದು ಮೈಯೆಲ್ಲ ಎಳೆಯಿತು. ದಾರಿಗೆ ಅಡ್ಡ ಬಂದೆನೆಂದು ಗೊತ್ತಾಗಲಿಲ್ಲ.

ಕಾಕಾ ನಿಂತರು. ಆಗ ಅವರ ನಳಿಕೆಗೆ ಮಾತಾಡಲು ಬರುವಂಥ ಮುಚ್ಚಳ ಹಾಕಿದ್ದರು. ದನಿ ಹರಿದ ಕಾಗದದಂತಿತ್ತು.

“ಆಚಿ ಸರಿ ತಂಗಿ,” ಎಂದರು. “ಹಿಂದ ಜಾಗಾ ಖಾಲಿ ಅದ.”

ಹೆನ್ರಿಕ್‌ಗೆ ನಾನೇಕೆ ನಗುತ್ತ ಅಳುತ್ತಿದ್ದೇನೆಂದು ತಿಳಿಯಲಿಲ್ಲ. ಹನ್ನೊಂದು ಹೆಜ್ಜೆ ನಡೆದು ಕಾಕಾ ಗಾಲಿಕುರ್ಚಿ ಕೇಳಿದರು.

ಕಮಲಾಪುರ

ವೀಸಾ ಮುಗಿದು ನಾನೊಬ್ಬಳೇ ಮರಳಿದೆ. ಕಾಕಾ ಈಗ ಯಂತ್ರದಿಂದ ಬಿಡುಗಡೆಯಾಗಿ, ಕೋಲು ಹಿಡಿದು, ಮೊಮ್ಮಗಳ ತಳ್ಳುಗಾಡಿಯ ಸುತ್ತ ಹಿತ್ತಲಲ್ಲಿ ಸುತ್ತುತ್ತಾರೆಂದು ಕಾಕು ಹೇಳುತ್ತಾರೆ. “ಇಬ್ಬರನ್ನೂ ಥಂಡ್ಯಾಗ ಹಾಕ್ಯಾರ” ಎಂದು ಬೈಯುತ್ತಾರೆ.

ಕಮಲಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಮಂಚದ ಮೇಲಿದ್ದಳು. ಎರಡು ವರ್ಷದಿಂದ ಅಲ್ಲೇ ಇದ್ದಾಳೆ. ನಾವೆಲ್ಲ ಸರದಿಯಲ್ಲಿ ಎತ್ತುತ್ತೇವೆ, ತೊಳೆಯುತ್ತೇವೆ, ಉಣಿಸುತ್ತೇವೆ. ಬಟ್ಟೆಯ ಚೀಲ ಬಿಚ್ಚುವ ಮೊದಲೇ ಅವಳಿಗೆ ಒಂಬತ್ತನೆಯ ದಿನದ ಸಂಗತಿ ಹೇಳಿದೆ: ಕೂರಿಸಲು ಬಂದವರನ್ನು ವಾಪಸು ಕಳಿಸಿದವಳು ನಾನು.

ಅವ್ವ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಲಿಲ್ಲ. “ನಂಗ ಗೊತ್ತದ. ಅರ್ಧಾಮರ್ಧ ಎಚ್ಚರಿತ್ತು. ನೀ ಆಕಿನ್ನ ಬೈದು ಕಳಿಸ್ದಾಗ ನಂಗ ಎಷ್ಟ ಖುಷಿ ಆತು ಗೊತ್ತೇನು? ನನ್ ಮಗಳು ನನ್ನ ಕಾಯಾಕ ನಿಂತಾಳ ಅಂತ.”

ಇದಕ್ಕಿಂತ ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

“ಹಂಗಾದ್ರ ತಪ್ಪು ಯಾರ್ದವ್ವಾ?”

“ಅದನ್ನ ಬರ್ಯಾಕತ್ತಾಕಿ ನೀನು. ನನ್ನ ಕೇಳ್ತಿ?”

ದೂರನ್ನು ನಾನು ಹಿಂತೆಗೆದುಕೊಂಡಿಲ್ಲ. ಹದಿನಾಲ್ಕು ಪುಟಗಳಲ್ಲಿ ಒಂದು ಸಾಲೂ ಸುಳ್ಳಲ್ಲ. ಹತ್ತು ಹಾಸಿಗೆಗೆ ಒಬ್ಬಳೇ ನರ್ಸು ಏಕೆಂದು ಅವರು ಉತ್ತರಿಸಲೇಬೇಕು. ಹದಿನೈದನೆಯ ಪುಟವನ್ನು ಅವ್ವನ ಮಂಚದ ಪಕ್ಕದಲ್ಲೇ ಬರೆಯಲು ಕೂತೆ. ಮೊದಲ ಸಾಲು ನನ್ನ ಹೆಸರಿನಿಂದ ಆರಂಭವಾಗುತ್ತದೆ. ಎರಡನೆಯ ಸಾಲು ಹೊಳೆಯಲಿಲ್ಲ. ತಡೆದು ಅವ್ವನಿಗೆ ಹೇಳಿದೆ: ಸೋಮವಾರ ಕಲಬುರಗಿಯಿಂದ ಒಬ್ಬ ಫಿಜಿಯೋಥೆರಪಿಸ್ಟ್ ಬರುತ್ತಾರೆ. ಎರಡು ವರ್ಷ ತಡವಾಗಿದೆ, ಎಷ್ಟು ಬಲ ಮರಳುತ್ತದೋ ಯಾರೂ ಹೇಳಲಾರರು. ಆದರೂ ಕೂರಿಸಿ ನೋಡುತ್ತಾರೆ.

ಅವಳು ಜಗಿಯುವುದನ್ನು ನಿಲ್ಲಿಸಿದಳು. “ಯಾಕ? ನನ್ನ ಎತ್ತಿ ಎತ್ತಿ ಸಾಕಾತೇನು ನಿಮಗ?”

ನನ್ನ ಬಳಿ ಕಿರ್ಸ್ಟನ್ ಕಲಿಸಿದ ಅಷ್ಟೂ ವಿವರಣೆಯಿತ್ತು. “ಇಲ್ಲವ್ವಾ” ಎಂದಷ್ಟೇ ಅಂದೆ. ಅವ್ವ ನನ್ನ ಮುಖವನ್ನು ಪರೀಕ್ಷೆ ಮಾಡುವವಳಂತೆ ನೋಡಿದಳು. ಆಮೇಲೆ ತನ್ನ ಪಾದಗಳ ಕಡೆ ನೋಡಿದಳು, ಬೇರೆಯವರ ವಸ್ತು ನೋಡುವ ಹಾಗೆ.

“ಸೋಮವಾರದ ತನಕ ಯಾಕ? ಆ ಕಾಗದ ಆ ಕಡಿ ಇಡು. ಈಗೇ ಕೂಡ್ತೀನಿ, ಬಾ.”

ಹತ್ತಿರ ಹೋದೆ. ಕೈಯನ್ನು ಎಲ್ಲಿಡಬೇಕೋ ತಿಳಿಯದೆ ನಿಂತೆ.

“ಹೆಗಲ ಮ್ಯಾಲ ಇಡು,” ಎಂದಳು ಅವ್ವ. “ಎತ್ತಬ್ಯಾಡ.”